ಚಿಪ್ಪಿನ ಧೂಳು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ದಿನಕ್ಕೆ ಗೊತ್ತಾಗುತ್ತಮ್ಮಾ?"

"ಹದಿನೈದು ದಿನ," ಎಂದೆ.

ಹೊರಗಿನ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಕೋಲಾರದ ಆ ಆಸ್ಪತ್ರೆಯಲ್ಲಿ ನಾನು ಸಂಶೋಧನಾ ಸಹಾಯಕಿ. ಬಾಯಿ ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುವ ದಿನ, ರೋಗಿಗಳ ಒಪ್ಪಿಗೆ ಪಡೆದು ಅದರಲ್ಲೇ ಒಂದು ಕಣ ನಮ್ಮ ಪ್ರಯೋಗಕ್ಕೂ ಇಸಿದುಕೊಳ್ಳುವುದು ನನ್ನ ಕೆಲಸ. ಪತ್ರದಲ್ಲಿ "ಈ ಸಂಶೋಧನೆಯಿಂದ ತಮಗೆ ನೇರ ಪ್ರಯೋಜನ ಇರುವುದಿಲ್ಲ" ಎಂಬ ವಾಕ್ಯ ಇತ್ತು. ಅದನ್ನೂ ಓದಿದೆ. ಬಸ್ಸಿನಲ್ಲಿ ಕಂಡಕ್ಟರು ನಿಲ್ದಾಣಗಳ ಹೆಸರು ಕೂಗುವಂತೆ ಓದಿದೆ.

ಆಕೆ ಶ್ರೀನಿವಾಸಪುರದವರು. ಮಾವಿನ ಕಾಲದಲ್ಲಿ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ, ಮಿಕ್ಕ ತಿಂಗಳು ಸಿಕ್ಕ ಕೂಲಿ. ಮೂವತ್ತು ವರ್ಷದಿಂದ ಎಡಗೆನ್ನೆಯೊಳಗೆ ಹೊಗೆಸೊಪ್ಪು ಒತ್ತರಿಸಿಕೊಂಡೇ ಕೆಲಸ ಮಾಡಿದವರು. ಅದೇ ಕೆನ್ನೆಯಲ್ಲಿ ಈಗ ಮಾಯದ ಹುಣ್ಣು. ಜೊತೆಗೆ ಬಂದಿದ್ದವಳು ಮುಳಬಾಗಿಲಿಗೆ ಕೊಟ್ಟಿದ್ದ ಮಗಳು. ಅಮ್ಮ ಮಗಳು ತಮ್ಮತಮ್ಮೊಳಗೆ ತೆಲುಗಿನಲ್ಲಿ ಮಾತಾಡುತ್ತಿದ್ದರು, ನನ್ನ ಜೊತೆ ಕನ್ನಡದಲ್ಲಿ.

"ಈ ಚೂರು ಇಟ್ಕೊಂಡು ಏನ್ ಮಾಡ್ತೀರಕ್ಕಾ?" ಎಂದು ಮಗಳು ಕೇಳಿದಳು.

"ಮೊಟ್ಟೆ ಒಳಗೆ ಇಟ್ಟು ನೋಡ್ತೀವಿ."

ಅಮ್ಮ ನಕ್ಕುಬಿಟ್ಟರು. "ಗುಡ್ಡು ಒಳಗಾ?" ಗುಡ್ಡು ಎಂದರೆ ತೆಲುಗಿನಲ್ಲಿ ಮೊಟ್ಟೆ. ಅಂದಿನಿಂದ ಅವರ ಬಾಯಲ್ಲಿ ಅದು ಗುಡ್ಡು ಟೆಸ್ಟ್ ಆಯಿತು.

ನಾವು ನೋಡಬೇಕೆಂದಿದ್ದದ್ದು ಇಷ್ಟು. ಮೈಗೆ ಗಾಯವಾದರೆ ಆ ಜಾಗ ಕೆಂಪಗಾಗಿ ಊದುತ್ತದೆ, ಉರಿಯುತ್ತದೆ. ರಕ್ಷಣೆಗೆ ಬಂದ ಕಣಗಳು ಅಲ್ಲಿಂದ ರಾಸಾಯನಿಕ ಸಂಕೇತ ಕಳಿಸುತ್ತವೆ. ಆ ಸಂಕೇತ ತಲುಪಿದ ಕಡೆ ಹೊಸ ರಕ್ತನಾಳಗಳು ಚಿಗುರುತ್ತವೆ. ಗಾಯ ಮಾಯ್ದ ಮೇಲೆ ಸಂಕೇತವೂ ನಿಲ್ಲುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ನಿಲ್ಲುವುದಿಲ್ಲ. ಉರಿಯೂತ ಕರೆಯುತ್ತಲೇ ಇರುತ್ತದೆ, ನಾಳಗಳು ಬರುತ್ತಲೇ ಇರುತ್ತವೆ. ಗಡ್ಡೆ ಅವುಗಳಿಂದ ಉಂಡು ಬೆಳೆಯುತ್ತದೆ, ಬೆಳೆದ ಮೇಲೆ ನಾಳಗಳ ದಾರಿ ಹಿಡಿದೇ ಮೈಯ ಬೇರೆ ಕಡೆಗೆ ಹೊರಡುತ್ತದೆ. ಇದು ಪುಸ್ತಕದಲ್ಲಿರುವ ವಿಷಯ. ನಮ್ಮ ಭಾಗದ ಹೊಗೆಸೊಪ್ಪಿನ ಹುಣ್ಣುಗಳಲ್ಲಿ ಈ ಕರೆ ಎಷ್ಟು ಜೋರಾಗಿದೆ, ಉರಿಯೂತ ತಗ್ಗಿಸುವ ಔಷಧಿ ಹಾಕಿದರೆ ಅದು ಅಡಗುತ್ತದೆಯೇ ಎಂಬುದು ನನ್ನ ಗೈಡ್ ಅವರ ಪ್ರಶ್ನೆ.

ಅದಕ್ಕೆ ಮೊಟ್ಟೆ. ಕಾವಿಗಿಟ್ಟ ಮೊಟ್ಟೆಯಲ್ಲಿ ಒಂದು ವಾರದ ಹೊತ್ತಿಗೆ ಚಿಪ್ಪಿನ ಕೆಳಗೆ ತೆಳ್ಳನೆಯ ಪರದೆ ಹರಡಿಕೊಳ್ಳುತ್ತದೆ. ಅದರ ತುಂಬ ಕೆಂಪು ನಾಳಗಳು. ಚಿಪ್ಪಿನಲ್ಲಿ ಕಿಟಕಿ ಕೊರೆದು, ಗಡ್ಡೆಯ ಚೂರನ್ನು ಅರೆದು ತೆಗೆದ ರಸದಲ್ಲಿ ಅದ್ದಿದ ಫಿಲ್ಟರ್ ಕಾಗದದ ಪುಟ್ಟ ಬಿಲ್ಲೆಯನ್ನು ಪರದೆಯ ಮೇಲಿಟ್ಟು, ನಾಲ್ಕು ದಿನ ಬಿಟ್ಟು ನೋಡಬೇಕು. ರಸದಲ್ಲಿ ಸಂಕೇತ ಇದ್ದರೆ ನಾಳಗಳು ಗಾಡಿಚಕ್ರದ ಅರಗಳ ಹಾಗೆ ಎಲ್ಲ ಕಡೆಯಿಂದ ಬಿಲ್ಲೆಯತ್ತ ತಿರುಗಿರುತ್ತವೆ. ಎಣಿಸಿ ಬರೆದುಕೊಳ್ಳುವುದು. ಕಾವಿನ ಮೊದಲ ದಿನದಿಂದ ಎಣಿಕೆಯವರೆಗೆ ಸರಿಯಾಗಿ ಹದಿನೈದು ದಿನವೂ ಬೇಡ.

ಮೊದಲ ಸಲ ಒಂದು ಮೊಟ್ಟೆಯೂ ಬೆಳೆಯಲಿಲ್ಲ. ಕೋಲಾರದ ಅಂಗಡಿಯಲ್ಲಿ ನಾಟಿ ಮೊಟ್ಟೆ ಎಂದು ಕೇಳಿ ತಂದಿದ್ದೆ. ಐದನೆಯ ದಿನ ಟಾರ್ಚ್ ಹಿಡಿದು ನೋಡಿದರೆ ಒಂದರಲ್ಲೂ ನೆತ್ತರಿನ ಗೆರೆ ಇಲ್ಲ. ಹೋಳೂರಿನ ನಮ್ಮ ಮನೆಗೆ ಹೋಗಿ ನನ್ನ ಅಮ್ಮನಿಗೆ ಹೇಳಿದರೆ ಅವಳು ರಾಗಿಮುದ್ದೆ ಕಟ್ಟುತ್ತಲೇ ಬೈದಳು. "ಫಾರಂ ಮೊಟ್ಟೆಗೆ ಟೀ ಡಿಕಾಕ್ಷನ್ ಬಳಿದು ನಾಟಿ ಅಂತ ಮಾರ್ತಾರೆ ಕಣೇ. ಹುಂಜ ಇಲ್ದೆ ಮರಿ ಎಲ್ಲಿಂದ ಬತ್ತದೆ? ಇದಕ್ಕೆ ಎಂ.ಎಸ್ಸಿ. ಬೇರೆ ಕೇಡು."

ಮಾಲೂರು ತಾಲ್ಲೂಕಿನ ಲಕ್ಕೂರಿನ ಆಚೆ ಮರಿ ಮಾಡಿಸುವ ಒಂದು ಹ್ಯಾಚರಿ ಇದೆ ಎಂದು ಗೊತ್ತಾಯಿತು. ಅಲ್ಲಿನ ಮ್ಯಾನೇಜರು ನನ್ನ ಪತ್ರವನ್ನು ಎರಡು ಸಲ ಓದಿದರು. "ಮರಿ ಬೇಡ, ಮೊಟ್ಟೆ ಮಾತ್ರ ಬೇಕು. ಅದೂ ಅರ್ಧಕ್ಕೇ ಸಾಯಿಸೋಕೆ. ಅಲ್ವಾ ಮೇಡಂ?" ನಾನು ತಲೆಯಾಡಿಸಿದೆ. ಅವರು ಮತ್ತೇನೂ ಕೇಳದೆ ಎರಡು ಟ್ರೇ ಕೊಡಿಸಿದರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ರಸ್ತೆಯ ಪ್ರತಿ ಹಂಪ್‌ಗೂ ಟ್ರೇಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಆ ಬ್ಯಾಚು ಚೆನ್ನಾಗಿ ಬೆಳೆಯಿತು. ಆದರೆ ಆರನೆಯ ದಿನ ಕಟ್ಟಡದ ವೈರಿಂಗ್ ರಿಪೇರಿಗೆಂದು ಬಂದವರು ನಮ್ಮ ಕೋಣೆಯ ಲೈನನ್ನು ತೆಗೆದು, ಹಾಕುವುದನ್ನು ಮರೆತು ಹೋಗಿದ್ದರು. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆರೆದಾಗ ಮೊಟ್ಟೆಗಳು ತಣ್ಣಗಿದ್ದವು.

ಈ ನಡುವೆ ಶ್ರೀನಿವಾಸಪುರದ ಅಮ್ಮ ಎರಡು ಸಲ ಫೋನ್ ಮಾಡಿದ್ದರು.

"ಆಯ್ತೇನಮ್ಮಾ ಟೆಸ್ಟು?"

"ಇಲ್ಲಮ್ಮಾ, ಮೊಟ್ಟೆ ಕೆಟ್ಟೋಯ್ತು. ಇನ್ನೊಂದು ಸಲ ಇಡ್ತಿದೀವಿ."

"ಅಯ್ಯೋ ಪಾಪ. ಆಗ್ಲಿ ಬಿಡು, ನಿಧಾನಕ್ಕೆ ಮಾಡು. ಆದ್ಮೇಲೆ ಒಂದು ಫೋನ್ ಹಾಕು."

ಎರಡನೆಯ ಸಲವೂ ಇಷ್ಟೇ ಮಾತು. ನನ್ನ ಕೆಲಸದ ಬಗ್ಗೆ ಇಷ್ಟು ಕಾಳಜಿಯಿಂದ ವಿಚಾರಿಸುವವರು ಬೇರೆ ಯಾರೂ ಇರಲಿಲ್ಲ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಹಿತವಾಗುತ್ತಿತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಮೂರನೆಯ ಬ್ಯಾಚು ಕೈಹಿಡಿಯಿತು. ಮೂರು ಗುಂಪು ಮಾಡಿದೆ. ಒಂದಕ್ಕೆ ಬರೀ ಉಪ್ಪುನೀರಿನ ಬಿಲ್ಲೆ. ಇನ್ನೊಂದಕ್ಕೆ ಗಡ್ಡೆಯ ರಸ. ಮೂರನೆಯದಕ್ಕೆ ರಸದ ಜೊತೆ ಉರಿಯೂತ ತಗ್ಗಿಸುವ ಔಷಧಿ. ಹಲ್ಲಿನ ವಿಭಾಗದಿಂದ ಇಸಿದುಕೊಂಡ ಪುಟ್ಟ ಡ್ರಿಲ್‌ನಿಂದ ಕಿಟಕಿ ಕೊರೆದೆ. ನಾಲ್ಕು ದಿನದ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಉಪ್ಪುನೀರಿನ ಮೊಟ್ಟೆಗಳಲ್ಲಿ ನಾಳಗಳು ಬಿಲ್ಲೆಯನ್ನು ಲೆಕ್ಕಿಸದೆ ತಮ್ಮ ಪಾಡಿಗೆ ಹರಿದಿದ್ದವು. ರಸದ ಮೊಟ್ಟೆಗಳಲ್ಲಿ ಚಕ್ರ. ಔಷಧಿ ಹಾಕಿದವುಗಳಲ್ಲಿ ಚಕ್ರ ಅರ್ಧಕ್ಕರ್ಧ ಮಾಸಿತ್ತು. ಎಲ್ಲಕ್ಕಿಂತ ಒತ್ತಾದ ಚಕ್ರ ಶ್ರೀನಿವಾಸಪುರದ ಅಮ್ಮನ ಚೂರಿನದು.

ಗೈಡ್ ಬಂದು ನೋಡಿದರು. ಮಿತಭಾಷಿ ಮನುಷ್ಯ. ಎರಡು ಸಲ ಅನುದಾನ ನಿರಾಕರಿಸಲ್ಪಟ್ಟು ಮೂರನೆಯ ಸಲ ಪಡೆದವರು. ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿ, "ಪುಸ್ತಕದ ಚಿತ್ರ ಇದ್ದ ಹಾಗಿದೆಯಲ್ಲಮ್ಮಾ," ಎಂದರು. ಆ ವಾರವೇ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದರು. ಜೊತೆಗೆ ಆ ಮೊಟ್ಟೆಯ ಫೋಟೋ.

ಅಮ್ಮನಿಗೆ ಫೋನ್ ಹಾಕುವುದನ್ನು ನಾನು ಮರೆತೆ. ಅವರೇ ಬಂದರು.

ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಅಮ್ಮ, ಮಗಳು ಇಬ್ಬರೂ ನಿಂತಿದ್ದರು. ಅಮ್ಮ ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದಿದ್ದರು.

"ಗುಡ್ಡು ಏಮನಿಂದಮ್ಮಾ?" ಎಂದರು. ಮೊಟ್ಟೆ ಏನಂತು ಎಂದು ಕೇಳಿದ್ದು. ಮಾತು ಸ್ವಲ್ಪ ತೊದಲುತ್ತಿತ್ತು.

"ಆಪರೇಷನ್ ಆಯ್ತಾ ಅಮ್ಮಾ? ಯಾವಾಗ ಬಂದಿದ್ರಿ?" ಎಂದು ನಾನು ಕೇಳಿದೆ.

ಮಗಳು ನನ್ನ ಮುಖ ನೋಡಿದಳು. "ಆಪರೇಷನ್ನಾ? ನಿಮ್ಮ ರಿಪೋರ್ಟ್ ಬರ್ಲಿಲ್ಲವಲ್ಲ ಅಕ್ಕಾ. ಡಾಕ್ಟ್ರು ಆಸ್ಪತ್ರೆ ರಿಪೋರ್ಟ್ ನೋಡಿ ಆವಾಗಲೇ ಡೇಟ್ ಕೊಟ್ಟಿದ್ರು. ಗುಡ್ಡು ಟೆಸ್ಟ್ ಬಂದ್ಮೇಲೆ ಹೋಗೋಣ, ಅದ್ರಲ್ಲಿ ಇಲ್ಲ ಅಂತ ಬಂದ್ರೆ ಕುಯ್ಯಿಸ್ಕೊಳ್ಳೋದೇ ಬೇಡ ಅಂತ ಅಮ್ಮ ಅಂದ್ರು. ನೀವೂ ಫೋನ್‌ನಲ್ಲಿ ಇನ್ನೊಂದು ಸಲ ಇಡ್ತೀವಿ ಅಂದ್ರಲ್ಲ."

ನಾನು ಕುರ್ಚಿಯಿಂದ ಎದ್ದವಳು ಎದ್ದಂತೆಯೇ ನಿಂತೆ. ನಮ್ಮ ಒಂದೊಂದು ಬ್ಯಾಚು ಕೆಟ್ಟಾಗಲೂ ಆಕೆ ಒಂದೊಂದು ತಿಂಗಳು ಮನೆಯಲ್ಲಿ ಕಾದಿದ್ದರು.

ಸೆರಗು ಸರಿಸಲು ಹೇಳಿದೆ. ದವಡೆಯ ಕೆಳಗೆ ಕತ್ತಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಇತ್ತು. ಮುಟ್ಟಿದರೆ ಕದಲಲಿಲ್ಲ.

ಇಬ್ಬರನ್ನೂ ಕರೆದುಕೊಂಡು ಸರ್ಜನ್ ಬಳಿಗೆ ಹೋದೆ. ಅವರು ಕತ್ತು ನೋಡಿದರು, ಹಳೆಯ ಚೀಟಿ ನೋಡಿದರು. "ಇಷ್ಟು ದಿನ ಎಲ್ಲಿ ಹೋಗಿದ್ರಿ ನೀವು?" ಎಂದು ಗದರಿದರು. ಅಮ್ಮ ನನ್ನ ಕಡೆ ತಿರುಗಿದರು. ನಾನು ಹೇಳಲಿ ಎಂದು ಕಾದರು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅವರೇ, "ಬರೋಕಾಗ್ಲಿಲ್ಲ ಸಾರ್," ಎಂದರು.

ಸ್ಕ್ಯಾನ್ ಮುಗಿದು, ಹನ್ನೊಂದನೆಯ ದಿನಕ್ಕೆ ಆಪರೇಷನ್ ನಿಗದಿಯಾಯಿತು. ಕೆನ್ನೆಯ ಜೊತೆ ದವಡೆಯ ಒಂದು ಭಾಗ, ಕತ್ತಿನ ಗಂಟುಗಳು ಎಲ್ಲ ತೆಗೆದರು. ಮೊದಲ ಡೇಟಿಗೇ ಬಂದಿದ್ದರೆ ದವಡೆ ಉಳಿಯುತ್ತಿತ್ತೇನೋ ಎಂದು ಸರ್ಜನ್ ಹೇಳಿದರು. ಅವರು ಹೇಳಿದ್ದು ಮಗಳಿಗೆ. ನಾನು ಪಕ್ಕದಲ್ಲಿದ್ದೆ.

ಅದೇ ದಿನಗಳಲ್ಲಿ ಗೈಡ್ ಮೊಟ್ಟೆಗಳ ಸಂಖ್ಯೆ ಹೆಚ್ಚಿಸಲು ಹೇಳಿದ್ದರು. ಉಪ್ಪುನೀರಿನವೇ ಹೆಚ್ಚು ಬೇಕಿದ್ದವು. ಲಕ್ಕೂರಿಗೆ ಹೋಗಿ ಇನ್ನೆರಡು ಟ್ರೇ ತಂದೆ. ಎಣಿಕೆಯ ದಿನ ಮೊದಲ ಉಪ್ಪುನೀರಿನ ಮೊಟ್ಟೆಯ ಕಿಟಕಿ ತೆರೆದೆ. ಒಳಗೆ ಚಕ್ರ. ತಪ್ಪಾಗಿ ಗುರುತು ಹಾಕಿದೆನೇ ಎಂದು ಪಟ್ಟಿ ನೋಡಿದೆ. ಎರಡನೆಯದು ತೆರೆದೆ. ಚಕ್ರ. ಮೂರನೆಯದರಲ್ಲೂ ಚಕ್ರ. ಗಡ್ಡೆಯ ಹನಿಯೂ ಸೋಕದ ಮೊಟ್ಟೆಗಳಲ್ಲಿ ನಾಳಗಳು ಯಾರ ಕರೆಗೆ ಬಂದಿದ್ದವು?

ಎರಡು ದಿನ ಉಪ್ಪುನೀರಿನ ಬಾಟಲಿ, ಬಿಲ್ಲೆ, ಚಿಮುಟ ಎಲ್ಲದರ ಮೇಲೂ ಅನುಮಾನಪಟ್ಟೆ. ಕಾರಣ ಸಿಕ್ಕಿದ್ದು ನನ್ನದೇ ದಿನಚರಿ ಪುಸ್ತಕದಲ್ಲಿ. ಗೆದ್ದ ಬ್ಯಾಚಿನ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೆ: "ಅಗಲ ಟೇಪ್ ಮುಗಿಯಿತು. ಉಳಿದವು ಟೇಪ್ ಇಲ್ಲದೆ."

ಚಿಪ್ಪು ಕೊರೆಯುವ ಮೊದಲು ಆ ಜಾಗಕ್ಕೆ ಅಗಲವಾದ ಟೇಪ್ ಅಂಟಿಸುವುದು ಕ್ರಮ. ಕೊರೆದಾಗ ಏಳುವ ಸುಣ್ಣದ ಧೂಳು ಟೇಪಿಗೇ ಮೆತ್ತಿಕೊಳ್ಳುತ್ತದೆ. ಆ ದಿನ ಉಪ್ಪುನೀರಿನ ಮೊಟ್ಟೆಗಳನ್ನು ಮೊದಲು ಟೇಪ್ ಹಾಕಿ ಕೊರೆದಿದ್ದೆ. ಅಷ್ಟರಲ್ಲಿ ಟೇಪ್ ಮುಗಿದು, ರಸದವನ್ನೂ ಔಷಧಿಯವನ್ನೂ ಹಾಗೇ ಕೊರೆದು, ರಬ್ಬರ್ ಬುಗ್ಗೆಯಿಂದ ಧೂಳು ಊದಿದ್ದೆ. ಹೊರಗೆ ಊದಿದೆ ಎಂದುಕೊಂಡಿದ್ದೆ. ಈ ಸಲ ಎಲ್ಲವನ್ನೂ ಟೇಪ್ ಇಲ್ಲದೆಯೇ ಕೊರೆದಿದ್ದೆ, ಹೋದ ಸಲ ಏನೂ ಆಗಲಿಲ್ಲವಲ್ಲ ಎಂದು.

ಧೂಳು ಪರದೆಯ ಮೇಲೆ ಬಿದ್ದರೆ ಪರದೆಗೆ ಅದು ಗಾಯ. ಗಾಯವಾದರೆ ಉರಿಯೂತ. ಉರಿಯೂತವಾದರೆ ನಾಳಗಳು. ಔಷಧಿ ಹಾಕಿದಾಗ ಚಕ್ರ ಮಾಸಿದ್ದೂ ಅದಕ್ಕೇ ಇರಬಹುದು. ಧೂಳಿನ ಉರಿಯೂತವನ್ನೂ ಅದು ತಗ್ಗಿಸುತ್ತದೆ. ಪುಸ್ತಕದ ಮಾತು ಅಕ್ಷರಶಃ ನಿಜವಾಗಿತ್ತು. ಆದರೆ ಆ ಉರಿಯೂತ ಅಮ್ಮನ ಗಡ್ಡೆಯದಾಗಿರದೆ, ನನ್ನ ಕೈಯಿಂದ ಆದದ್ದಿರಬಹುದಿತ್ತು.

ಖಚಿತ ಮಾಡಿಕೊಳ್ಳಬೇಕಿತ್ತು. ಒಂದಷ್ಟು ಮೊಟ್ಟೆಗಳಿಗೆ ಟೇಪ್ ಹಾಕಿ ಶುಚಿಯಾಗಿ ಕೊರೆದೆ. ಅಷ್ಟೇ ಮೊಟ್ಟೆಗಳ ಮೇಲೆ ಬೇಕೆಂದೇ ಚಿಪ್ಪಿನ ಪುಡಿ ಉದುರಿಸಿದೆ. ಎಲ್ಲಕ್ಕೂ ಬರೀ ಉಪ್ಪುನೀರು. ಯಾವುದು ಯಾವುದೆಂದು ನನಗೆ ತಿಳಿಯದಂತೆ ನಮ್ಮ ಲ್ಯಾಬಿನ ಟೆಕ್ನಿಷಿಯನ್ ಹೆಂಗಸಿನ ಕೈಯಲ್ಲಿ ಸಂಕೇತ ಸಂಖ್ಯೆ ಬರೆಸಿದೆ. ಎಣಿಸಿ ಮುಗಿಸಿದ ಮೇಲೆ ಆಕೆ ಚೀಟಿ ಬಿಚ್ಚಿ ಓದಿದರು. ಚಕ್ರ ಇದ್ದವೆಲ್ಲ ಪುಡಿಯವು. ಉಳಿದಿದ್ದ ಅಮ್ಮನ ರಸವನ್ನು ಶುಚಿಯಾದ ಆರು ಮೊಟ್ಟೆಗಳ ಮೇಲಿಟ್ಟೆ. ಎರಡು ಸತ್ತವು. ನಾಲ್ಕರಲ್ಲಿ ನಾಳಗಳು ಸ್ವಲ್ಪ ಹೆಚ್ಚಿದ್ದವೋ ಇಲ್ಲವೋ ಹೇಳಲಾಗಲಿಲ್ಲ.

ದಿನಚರಿ ಪುಸ್ತಕ ತೆಗೆದುಕೊಂಡು ಹೋಗಿ ಗೈಡ್ ಮುಂದೆ ಇಟ್ಟೆ. ಅವರು ಪೂರ್ತಿ ಓದಿದರು.

"ಗಡ್ಡೆಗಳಲ್ಲಿ ಸಂಕೇತ ಇಲ್ಲ ಅಂತ ಇದರಿಂದ ಸಾಬೀತಾಗುತ್ತಾ?"

"ಇಲ್ಲ ಸರ್. ಇದೆ ಅಂತಾನೂ ಆಗಲ್ಲ."

"ಮತ್ತೆ? ಸಮ್ಮೇಳನಕ್ಕೆ ಪೋಸ್ಟರ್ ಹಾಗೇ ಹೋಗ್ಲಿ. ಪ್ರಾಥಮಿಕ ಫಲಿತಾಂಶ ಅಂತ ಸೇರಿಸೋಣ. ಆಮೇಲೆ ಶುದ್ಧವಾಗಿ ಇನ್ನೊಂದು ಸಲ ಮಾಡಿದರಾಯ್ತು."

"ಆ ಫೋಟೋ ಸುಳ್ಳು ಸರ್."

"ಫೋಟೋ ಹೇಗಮ್ಮಾ ಸುಳ್ಳಾಗುತ್ತೆ? ನಾಳ ಬೆಳೆದಿದ್ದು ನಿಜ ತಾನೇ?" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಮೂರನೇ ಸಲ ಸಿಕ್ಕಿರೋ ಪ್ರಾಜೆಕ್ಟ್ ಇದು. ಮುಂದಿನ ವರ್ಷದ್ದು ಇದರ ಮೇಲೇ ನಿಂತಿದೆ. ನಿನ್ನ ಸಂಬಳವೂ," ಎಂದರು. ಬೆದರಿಕೆಯ ಧ್ವನಿ ಅಲ್ಲ ಅದು. ಸುಸ್ತಾದ ಮನುಷ್ಯನ ಧ್ವನಿ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಎಲ್ಲವನ್ನೂ ಎರಡು ಪುಟದಲ್ಲಿ ಬರೆದು, ಪುಡಿ ಉದುರಿಸಿದ ಮೊಟ್ಟೆಗಳ ಫೋಟೋ ಲಗತ್ತಿಸಿ, ಸಂಶೋಧನಾ ಸಮಿತಿಗೆ ಕೊಟ್ಟೆ. ಗೈಡ್ ಅವರಿಗೂ ಒಂದು ಪ್ರತಿ. ಟೇಪ್ ಮುಗಿದಾಗ ಕೆಲಸ ನಿಲ್ಲಿಸದಿದ್ದದ್ದು ನನ್ನ ತಪ್ಪು ಎಂದು ಸ್ಪಷ್ಟವಾಗಿ ಬರೆದೆ. ಹದಿನೈದು ದಿನ ಎಂದು ಹೇಳಿದ್ದನ್ನು ಬರೆಯಲಿಲ್ಲ. ಒಬ್ಬ ಹೆಂಗಸು ನಮ್ಮ ಪ್ರಯೋಗವನ್ನು ತನ್ನ ಪರೀಕ್ಷೆ ಎಂದು ನಂಬಿ ಕಾದರು ಎಂಬುದನ್ನು ಬರೆಯಲಿಲ್ಲ. ಬರೆಯಲು ಜಾಗ ಇತ್ತು. ಮೊಟ್ಟೆಯ ವಿಷಯಕ್ಕೆ ಬಂದ ಧೈರ್ಯ ಆಕೆಯ ವಿಷಯಕ್ಕೆ ಬರಲಿಲ್ಲ.

ಸಮಿತಿ ಸಾರಾಂಶವನ್ನು ವಾಪಸ್ ತೆಗೆಸಿತು. ಮುಂದಿನ ವರ್ಷದ ಅನುದಾನ ಬರಲಿಲ್ಲ. ಗೈಡ್ ಆಮೇಲೆ ನನ್ನ ಜೊತೆ ಮಾತಾಡಿದ್ದು ಬೀಗದ ಕೈ ಒಪ್ಪಿಸುವ ದಿನ, "ಟೇಬಲ್ ಮೇಲಿಡು" ಎಂದು. ನೀನು ಮಾಡಿದ್ದು ಸರಿ ಎಂದು ಹೇಳಿದವರು ಅನೇಕರಿದ್ದರು. ಅವರು ಹಾಗೆ ಹೇಳಿದಾಗಲೆಲ್ಲ ನಾನು ಬರೆಯದೆ ಬಿಟ್ಟದ್ದು ನೆನಪಾಗುತ್ತಿತ್ತು. ಈಗ ಮಾಲೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ.

ಅಲ್ಲಿ ಸೇರಿದ ಎರಡನೆಯ ತಿಂಗಳು ಮಗಳ ಫೋನ್ ಬಂತು.

"ಅಕ್ಕಾ, ಅಮ್ಮಂಗೆ ಶ್ವಾಸಕೋಶಕ್ಕೆ ಬಂದ್ಬಿಟ್ಟೈತೆ. ಇನ್ನು ಮನೇಲೇ ನೋಡ್ಕೊಳ್ಳಿ ಅಂದ್ರು." ಎಂದಳು. "ಅದಕ್ಕಲ್ಲ ನಾನು ಫೋನ್ ಮಾಡಿದ್ದು. ಅಮ್ಮ ಈಗಲೂ ಆ ಗುಡ್ಡು ಟೆಸ್ಟ್ ಏನಾಯ್ತು ಅಂತ ಕೇಳ್ತಾನೇ ಅವ್ರೆ. ನೀವು ಒಂದ್ಸಲ ಬಂದು ಚೆನ್ನಾಗಿ ಬಂತು, ಕಾಯಿಲೆ ಹೋಗುತ್ತೆ ಅಂತ ಹೇಳ್ಬಿಡಿ ಅಕ್ಕಾ. ನಿಮ್ಮ ಮಾತು ನಂಬ್ತಾರೆ."

ಭಾನುವಾರ ಶ್ರೀನಿವಾಸಪುರಕ್ಕೆ ಹೋದೆ. ದಾರಿಯುದ್ದಕ್ಕೂ ಮಗಳು ಹೇಳಿದ ಮಾತನ್ನೇ ಅಭ್ಯಾಸ ಮಾಡಿಕೊಂಡೆ. ಚೆನ್ನಾಗಿ ಬಂತು ಅಮ್ಮಾ. ಎಷ್ಟು ಸಣ್ಣ ಮಾತು.

ಅಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಮುಖ ಒಂದು ಕಡೆಗೆ ಕುಸಿದಿತ್ತು. ನನ್ನನ್ನು ಕಂಡು ಉಳಿದರ್ಧ ಮುಖ ನಕ್ಕಿತು. ಮಗಳು ಮಜ್ಜಿಗೆ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು.

"ಬಂತಾ?" ಎಂದರು ಅಮ್ಮ. ಈಗ ಅವರ ಮಾತು ಅರ್ಥವಾಗಲು ತುಟಿ ನೋಡಬೇಕಿತ್ತು.

ಮಗಳು ನನ್ನನ್ನೇ ನೋಡುತ್ತಿದ್ದಳು. ಸರ್ಜನ್ ಕೋಣೆಯಲ್ಲಿ ನನ್ನ ಹೆಸರು ಹೇಳದೆ "ಬರೋಕಾಗ್ಲಿಲ್ಲ ಸಾರ್" ಎಂದವರು ಎದುರಿಗೆ ಕೂತಿದ್ದರು. ಅಭ್ಯಾಸ ಮಾಡಿದ ಮಾತು ಬಾಯಿಗೆ ಬರಲಿಲ್ಲ.

"ಅಮ್ಮಾ, ಅದು ನಿಮ್ಮ ಟೆಸ್ಟ್ ಅಲ್ಲ. ಯಾವತ್ತೂ ಆಗಿರಲಿಲ್ಲ. ನಾವು ಕಲಿಯೋಕೆ ಮಾಡಿದ್ದು. ಅದೂ ಕೆಟ್ಟೋಯ್ತು, ನನ್ನ ಕೈಯಿಂದ. ಅದಕ್ಕೆ ಕಾಯ್ಬೇಡಿ, ಆಪರೇಷನ್ ಮಾಡಿಸ್ಕೊಳ್ಳಿ ಅಂತ ನಾನು ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಅಮ್ಮ ಬಹಳ ಹೊತ್ತು ನನ್ನ ಕೈಗಳನ್ನು ನೋಡಿದರು. ಆಮೇಲೆ ಒಂದೊಂದೇ ಪದ ಬಿಡಿಸಿ ಹೇಳಿದರು.

"ಇದಕ್ಕಾ... ನಾನು... ಕಾದಿದ್ದು?"

ಗೋಡೆಯ ಕಡೆ ತಿರುಗಿ ಮಲಗಿಕೊಂಡರು. ಮಜ್ಜಿಗೆಯನ್ನು ಕುಡಿಯಲೂ ಆಗದೆ, ಇಡಲೂ ಆಗದೆ ಸ್ವಲ್ಪ ಹೊತ್ತು ಕೂತಿದ್ದು ಎದ್ದೆ.

ಮಗಳು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು. ಕೋಲಾರದ ಬಸ್ಸು ಹೊರಡಲು ನಿಂತಿತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಹೇಳಿದಳು.

"ನಿಜ ಹೇಳಿ ನೀವು ಹಗುರ ಆದ್ರಿ ಅಕ್ಕಾ. ಇನ್ನೊಂದು ತಿಂಗಳೋ ಎರಡು ತಿಂಗಳೋ, ಆ ಮನೇಲಿ ಅವರ ಜೊತೆ ಇರೋಳು ನಾನು."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಅವಳು ಆಗಲೇ ಮನೆಯ ದಾರಿ ಹಿಡಿದಿದ್ದಳು, ಬೇಗಬೇಗ ನಡೆಯುತ್ತಿದ್ದಳು.